ತಗ್ಗಿದ ಕಾರು, ತಪ್ಪಿದ ಕೋನ

ಮೋಟಾರು ಕಾರಿನ ಚಕ್ರಗಳು ನೋಡುವವರ ಕಣ್ಣಿಗೆ ನೆಟ್ಟಗೆ ನಿಂತು ನೆಟ್ಟಗೆ ಉರುಳುವಂತೆ ಕಂಡರೂ, ಅವುಗಳನ್ನು ರೂಪಿಸಿದವರು ಬೇಕೆಂದೇ ಅಲ್ಲಿಷ್ಟು ಇಲ್ಲಿಷ್ಟು ಓರೆಯನ್ನು ಇಟ್ಟಿರುತ್ತಾರೆ. ಕಾರಿನ ಎದುರು ನಿಂತು ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಅಳತೆಗೆ ಕ್ಯಾಂಬರ್ ಎಂದೂ, ಮೇಲಿನಿಂದ ನೋಡಿದಾಗ ಎರಡು ಮುಂಗಾಲಿಗಳ ಮೂತಿಗಳು ಒಂದರತ್ತ ಒಂದು ತಿರುಗಿವೆಯೋ, ಮುನಿಸಿಕೊಂಡ ಅಣ್ಣತಮ್ಮಂದಿರಂತೆ ಆಚೀಚೆಗೆ ಹೊರಳಿವೆಯೋ ಎಂಬ ಅಳತೆಗೆ ಟೋ ಎಂದೂ, ಚಕ್ರವನ್ನು ಎಡಬಲಕ್ಕೆ ತಿರುಗಿಸುವ ಅಕ್ಷವು ಸೈಕಲ್ಲಿನ ಮುಂದಿನ ಫೋರ್ಕಿನ ಹಾಗೆ ಹಿಂದಕ್ಕೆ ಓರೆಯಾಗಿರುವ ಅಳತೆಗೆ ಕ್ಯಾಸ್ಟರ್ ಎಂದೂ ಹೆಸರು. ಈ ಮೂರನ್ನೂ ತಯಾರಕರು ಹೇಳಿದ ಮಿತಿಯೊಳಗೆ ತಂದು ನಿಲ್ಲಿಸುವ ಕೆಲಸವೇ ವೀಲ್ ಅಲೈನ್‌ಮೆಂಟ್. ಇಲ್ಲಿನ ಲೆಕ್ಕವೆಲ್ಲ ಡಿಗ್ರಿಗಳಲ್ಲಿ ಮತ್ತು ಡಿಗ್ರಿಯ ಅರವತ್ತನೆಯ ಒಂದು ಪಾಲಾದ ಮಿನಿಟುಗಳಲ್ಲಿ ನಡೆಯುತ್ತದೆ.

ಈ ಓರೆಗಳು ಕಾರಿಗಿಂತ ಬಹಳ ಹಳೆಯವು. ಇಂಗ್ಲೆಂಡಿನ ಕುದುರೆಬಂಡಿಗಳ ಮರದ ಗಾಲಿಗಳು ಚಪ್ಪಟೆಯಾಗಿರದೆ ಊಟದ ತಟ್ಟೆಯಂತೆ ಹೊರಮೈಯಲ್ಲಿ ತುಸು ತಗ್ಗಾಗಿರುತ್ತಿದ್ದವು, ಏಕೆಂದರೆ ಕುದುರೆಯ ನಡಿಗೆಯ ತೊನೆದಾಟಕ್ಕೆ ಗಾಡಿಯ ಭಾರವು ಒಮ್ಮೆ ಈ ಬದಿಗೆ ಒಮ್ಮೆ ಆ ಬದಿಗೆ ಒತ್ತಿದಾಗ ಆ ಒತ್ತಡವನ್ನು ತಾಳಿಕೊಳ್ಳಲು ಚಪ್ಪಟೆ ಗಾಲಿಗಿಂತ ತಟ್ಟೆಗಾಲಿಯೇ ಗಟ್ಟಿ. ಹಾಗೆ ಮಾಡಿದ ಮೇಲೆ ನೆಲಕ್ಕೆ ತಾಗುವ ಕಡೆಯ ಕಡ್ಡಿಯಾದರೂ ನೆಟ್ಟಗೆ ನಿಲ್ಲಲೆಂದು ಬಡಗಿಯು ಅಚ್ಚಿನ ತುದಿಯನ್ನು ಸ್ವಲ್ಪ ಕೆಳಕ್ಕೆ ಬಾಗಿಸುತ್ತಿದ್ದನು; ಗಾಲಿಯು ಹೊರಕ್ಕೆ ಜಾರಿ ಕಡಾಣಿಯನ್ನು, ಅಂದರೆ ಅದನ್ನು ತಡೆದು ಹಿಡಿಯುವ ಕೀಲನ್ನು, ಸದಾ ತಿಕ್ಕಬಾರದೆಂದು ಅದೇ ತುದಿಯನ್ನು ಕೂದಲೆಳೆಯಷ್ಟು ಮುಂದಕ್ಕೂ ಬಾಗಿಸುತ್ತಿದ್ದನು. ಮೊದಲನೆಯ ಬಾಗು ಕ್ಯಾಂಬರ್, ಎರಡನೆಯದು ಟೋ. ಕೋನಮಾಪಕವನ್ನೇ ಹಿಡಿಯದ ಆ ಬಡಗಿಯ ಕೈಯಲ್ಲಿ ಇಂದಿನ ಅಲೈನ್‌ಮೆಂಟ್ ಯಂತ್ರದ ಮೂರು ಅಂಕಣಗಳಲ್ಲಿ ಎರಡು ಆಗಲೇ ಇದ್ದವೆಂಬುದು ಸಣ್ಣ ಸಂಗತಿಯಲ್ಲ.

ಕುದುರೆಬಂಡಿಯ ಕಾಲದ್ದೇ ಆದ ಇನ್ನೊಂದು ಲೆಕ್ಕ, ಅಂದರೆ ತಿರುವಿನಲ್ಲಿ ಒಳಗಿನ ಚಕ್ರವು ಹೊರಗಿನದಕ್ಕಿಂತ ಹೆಚ್ಚು ತಿರುಗಬೇಕೆಂಬ ಸೂತ್ರವು, ಬವೇರಿಯಾದ ಸಾರೋಟು ತಯಾರಕ ಗೆಯೋರ್ಗ್ ಲಾಂಕೆನ್ಸ್‌ಪೆರ್ಗರನಿಂದ ಬಂದಿತಾದರೂ, ಲಂಡನ್ನಿನಲ್ಲಿ 1818ರಲ್ಲಿ ಅದಕ್ಕೆ ಪೇಟೆಂಟ್ ಪಡೆದ ಅವನ ಪ್ರತಿನಿಧಿ, ಚಿತ್ರಪಟಗಳನ್ನು ಅಚ್ಚುಹಾಕಿ ಮಾರುತ್ತಿದ್ದ ರುಡಾಲ್ಫ್ ಆಕರ್ಮನ್ನನ ಹೆಸರಿನಲ್ಲೇ ಅದು ಇಂದಿಗೂ ಉಳಿದಿದೆ. ಮಾಡಿದವನೊಬ್ಬ, ಹೆಸರು ಪಡೆದವನೊಬ್ಬ.

ವಾಹನವನ್ನು ನೆಲಕ್ಕೆ ಹತ್ತಿರ ತರುವ ಆಸೆಗೂ ತನ್ನದೇ ಆದ ಇತಿಹಾಸವಿದೆ. ಗುರುತ್ವಕೇಂದ್ರ ಕೆಳಗಿಳಿದಷ್ಟೂ ತಿರುವಿನಲ್ಲಿ ಗಾಡಿ ವಾಲುವುದು ಕಡಿಮೆಯಾಗುತ್ತದೆ ಎಂಬುದು ಪಂದ್ಯದ ಕಾರುಗಳವರ ಕಾರಣವಾದರೆ, ಎರಡನೆಯ ಮಹಾಯುದ್ಧದ ನಂತರ ಲಾಸ್ ಏಂಜಲೀಸಿನ ಮೆಕ್ಸಿಕನ್ ಮೂಲದ ತರುಣರಿಗೆ ಅಂಥ ಕಾರಣವೇನೂ ಬೇಕಿರಲಿಲ್ಲ. ಡಿಕ್ಕಿಯಲ್ಲಿ ಮರಳಿನ ಚೀಲಗಳನ್ನು ತುಂಬಿಯೋ ಸ್ಪ್ರಿಂಗಿನ ಸುರುಳಿಗಳನ್ನು ಕತ್ತರಿಸಿಯೋ ಕಾರನ್ನು ತಗ್ಗಿಸಿ, ನಾಲ್ಕು ಜನ ನೋಡಲೆಂದು ನಿಧಾನವಾಗಿ ಬೀದಿಯಲ್ಲಿ ಸಾಗುವುದೇ ಅವರ ಸಂಭ್ರಮವಾಗಿತ್ತು. ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ತಗ್ಗಿರಕೂಡದೆಂದು ಕ್ಯಾಲಿಫೋರ್ನಿಯಾ 1958ರಿಂದ ಕಾಯಿದೆ ಜಾರಿಗೆ ತಂದಾಗ, ರಾನ್ ಅಗಿರೆ ಎಂಬಾತನು ಮರುವರ್ಷವೇ ತನ್ನ ಕಾರ್ವೆಟ್ಟಿಗೆ ಹೈಡ್ರಾಲಿಕ್ ಪಂಪುಗಳನ್ನು ಕೂರಿಸಿ, ಪೊಲೀಸರು ಕಂಡಾಗ ಏರುವ, ಅವರು ಮರೆಯಾದಾಗ ಇಳಿಯುವ ಕಾರನ್ನು ಸಿದ್ಧಪಡಿಸಿದನು. ಆ ಕಾಯಿದೆ ರದ್ದಾದದ್ದು 2024ರಲ್ಲಿ.

ಈ ಪ್ರಬಂಧದ ಲೇಖಕನು ತನ್ನ ಹಳೆಯ ಸ್ವಿಫ್ಟ್ ಕಾರನ್ನು ತಗ್ಗಿಸಿದುದಕ್ಕೆ ಪಂದ್ಯದ ಕಾರಣವೂ ಇರಲಿಲ್ಲ, ಲಾಸ್ ಏಂಜಲೀಸಿನ ಧೈರ್ಯವೂ ಇರಲಿಲ್ಲ. ಟೈರಿಗೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವಿನ ಸಂದಿನಲ್ಲಿ ನಾಲ್ಕು ಬೆರಳು ಸಲೀಸಾಗಿ ತೂರುವುದು ಅವನ ಕಣ್ಣಿಗೆ ಚೆನ್ನಾಗಿ ಕಾಣುತ್ತಿರಲಿಲ್ಲ, ಅಷ್ಟೆ. ಬೆಂಗಳೂರಿನ ಜೆ.ಸಿ. ರಸ್ತೆಯ ಆಸುಪಾಸಿನ ಒಂದು ಗ್ಯಾರೇಜಿನಲ್ಲಿ, ಮೂಲ ಸ್ಪ್ರಿಂಗುಗಳ ಜಾಗಕ್ಕೆ 35 ಮಿಲಿಮೀಟರು ಗಿಡ್ಡವಾಗಿ ನಿಲ್ಲುವ, ಸ್ವಲ್ಪ ಬಿರುಸಾದ ಹೊರಗಿನ ಸ್ಪ್ರಿಂಗುಗಳು ಬಂದು ಕೂತವು. ನೆಲಕ್ಕೂ ಹೊಟ್ಟೆಗೂ 170 ಮಿಲಿಮೀಟರು ಅಂತರವಿದ್ದ ಕಾರು 135ಕ್ಕೆ ಇಳಿಯಿತು. ಅಲೈನ್‌ಮೆಂಟ್ ಮಾಡಿಸಬೇಕೇ ಎಂದು ಕೇಳಿದಾಗ ಅಲ್ಲಿನ ಮೇಸ್ತ್ರಿಯು, ಸ್ಟೀರಿಂಗ್ ಬಿಟ್ಟರೆ ಗಾಡಿ ಯಾವ ಕಡೆಗೂ ಎಳೆಯುತ್ತಿಲ್ಲವಲ್ಲ, "ಎಳೀಲಿಲ್ಲ ಅಂದ್ರೆ ಎಲ್ಲ ಸರಿ ಇದೆ ಅಂತಾನೇ ಸಾರ್" ಎಂದು ಸಮಾಧಾನ ಹೇಳಿದನು. ಲೇಖಕನ ತಾಯಿಯ ತೀರ್ಪು ಬೇರೆಯಾಗಿತ್ತು: "ಕೂತ್ಕೋಬೇಕಾದ್ರೆ ಬಾವಿಗೆ ಇಳಿದ ಹಾಗೆ, ಏಳ್ಬೇಕಾದ್ರೆ ಮಂಡಿ ಹಿಡ್ಕೊಳುತ್ತೆ ಕಣೋ."

ಮೇಸ್ತ್ರಿಯ ಮಾತಿನಲ್ಲಿ ಮೇಲ್ನೋಟಕ್ಕೆ ತರ್ಕವಿದ್ದುದರಿಂದಲೇ ಅದು ಅಪಾಯಕಾರಿಯಾಗಿತ್ತು. ಇಂದಿನ ಸಣ್ಣ ಕಾರುಗಳಲ್ಲಿ ಬಹುಪಾಲಿನ ಮುಂಗಾಲಿಗಳನ್ನು ಹೊರುವುದು ಅಮೆರಿಕದ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ, 1950ರಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸಲ್ ಕಾರಿನಲ್ಲಿ ಬಳಕೆಗೆ ಬಂದ ಸ್ಟ್ರಟ್ ಎಂಬ ವ್ಯವಸ್ಥೆ. ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರುಗಳೆರಡೂ ಸೇರಿದ ಒಂದು ಕಂಬ ಮೇಲೆ, ಲೋಯರ್ ಆರ್ಮ್ ಎಂಬ ತೋಳು ಕೆಳಗೆ. ಕಾರು ಇಳಿದಾಗ ಈ ತೋಳು ತನ್ನ ಬುಡದ ಬುಷ್ಷಿನ ಸುತ್ತ ಬಾಗಿಲು ಕೀಲಿನಲ್ಲಿ ಆಡುವಂತೆ ಮೇಲಕ್ಕೆ ಆಡಿ, ಚಕ್ರದ ಬುಡವನ್ನು ಹೊರಕ್ಕೆ ನೂಕುತ್ತದೆ, ಅದರಿಂದ ತಲೆ ಒಳಕ್ಕೆ ವಾಲುತ್ತದೆ. ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ಎಂಬ ಸಲಾಕೆಯೂ ಅದೇ ಹೊತ್ತಿಗೆ ಮೇಲಕ್ಕೆ ಆಡುತ್ತದೆ, ಆದರೆ ಅದರ ಉದ್ದ ಬೇರೆ, ಬುಡ ಬೇರೆ, ಆದ್ದರಿಂದ ಅದು ಬರೆಯುವ ಕಮಾನೂ ಬೇರೆ. ಕಾರು ತಯಾರಾದ ಎತ್ತರದ ಸುತ್ತಮುತ್ತ ಈ ಎರಡು ಕಮಾನುಗಳು ಒಂದಕ್ಕೊಂದು ಹೊಂದಿಕೊಂಡು ಸಾಗುವಂತೆ ಲೆಕ್ಕ ಹಾಕಿರುತ್ತಾರೆ. ಎತ್ತರ ತಪ್ಪಿದರೆ ಅವುಗಳ ನಡುವಿನ ವ್ಯತ್ಯಾಸವೆಲ್ಲ ಟೋ ಆಗಿ ಹೊರಬೀಳುತ್ತದೆ. ಎರಡೂ ಬದಿಗಳು ಸಮನಾಗಿ ಇಳಿದಿರುವುದರಿಂದ ಎರಡೂ ಚಕ್ರಗಳು ಸಮನಾಗಿ ಕೆಡುತ್ತವೆ, ಒಂದರ ಎಳೆತವನ್ನು ಇನ್ನೊಂದು ತಡೆಯುತ್ತದೆ, ಗಾಡಿ ನೆಟ್ಟಗೇ ಓಡುತ್ತದೆ. ಎಳೆಯದಿರುವುದು ಇಲ್ಲಿ ಆರೋಗ್ಯದ ಲಕ್ಷಣವಲ್ಲ, ಎರಡೂ ಕಾಲು ಒಂದೇ ಅಳತೆಗೆ ಉಳುಕಿವೆ ಎಂಬುದರ ಲಕ್ಷಣ.

ನಾಲ್ಕು ಸಾವಿರ ಕಿಲೋಮೀಟರುಗಳ ನಂತರ ಟೈರುಗಳೇ ಮಾತಾಡಿದವು. ಹೊರಗಿನಿಂದ ನೋಡಿದರೆ ಹೊಸದರಂತಿದ್ದ ಮುಂದಿನ ಟೈರುಗಳ ಒಳ ಅಂಚಿಗೆ ಕೈ ಹಾಕಿ ಅಂಗೈಯನ್ನು ಒಳಗಿನಿಂದ ಹೊರಕ್ಕೆ ಸವರಿದರೆ ರಬ್ಬರು ನುಣ್ಣಗೆ ಜಾರುತ್ತಿತ್ತು, ಹೊರಗಿನಿಂದ ಒಳಕ್ಕೆ ಸವರಿದರೆ ತೆಂಗಿನಕಾಯಿ ತುರಿಯುವ ಹಲ್ಲಿನಂತೆ ಕೈಗೆ ತರಚುತ್ತಿತ್ತು. ಟೋ ತಪ್ಪಿದ ಟೈರಿನ ಗುರುತೇ ಇದು. ಚಕ್ರವೊಂದು ತಾನು ಸಾಗುವ ದಿಕ್ಕಿನಿಂದ ಬರೇ 20 ಮಿನಿಟು, ಅಂದರೆ ಡಿಗ್ರಿಯ ಮೂರನೆಯ ಒಂದು ಪಾಲು, ಹೊರಳಿದ್ದರೂ ಅದು ಪ್ರತಿ ಕಿಲೋಮೀಟರಿಗೆ 5.8 ಮೀಟರಿನಷ್ಟು ಅಡ್ಡಡ್ಡಲಾಗಿ ಎಳೆಯಲ್ಪಟ್ಟ ಲೆಕ್ಕವಾಗುತ್ತದೆ. ನಾಲ್ಕು ಸಾವಿರ ಕಿಲೋಮೀಟರಿಗೆ ಅದು 23 ಕಿಲೋಮೀಟರು. ಮೆಜೆಸ್ಟಿಕ್‌ನಿಂದ ನೆಲಮಂಗಲದತ್ತ ಹೊರಟ ಕಾರನ್ನು ಅಡ್ಡಲಾಗಿ ನೂಕಿಕೊಂಡೇ ಹೋದರೆ ಟೈರಿನ ಗತಿ ಏನಾದೀತೋ ಅದೇ ಇಲ್ಲಿಯೂ ಆಗಿತ್ತು. ಕ್ಯಾಂಬರಿನ ಮೇಲೆ ಎಲ್ಲರೂ ತಪ್ಪು ಹೊರಿಸುತ್ತಾರೆ, ಏಕೆಂದರೆ ವಾಲಿದ ಚಕ್ರ ಕಣ್ಣಿಗೆ ಕಾಣುತ್ತದೆ. ಟೈರು ತಿನ್ನುವ ಕಳ್ಳ ಹೆಚ್ಚಾಗಿ ಟೋ.

ಲೇಖಕನ ತಂದೆಯ ಪ್ರೀಮಿಯರ್ ಪದ್ಮಿನಿಗೆ ಅಲೈನ್‌ಮೆಂಟ್ ಮಾಡುತ್ತಿದ್ದವರ ಬಳಿ ಇದ್ದುದು ಒಂದು ದಾರ, ಒಂದು ತೂಗುಗುಂಡು. ಗಾರೆ ಕೆಲಸದವರು ಗೋಡೆಗೆ ನೂಲು ಹಿಡಿಯುವಂತೆ ಹಿಂದಿನ ಟೈರಿನಿಂದ ಮುಂದಿನ ಟೈರಿನವರೆಗೆ ದಾರ ಬಿಗಿದು, ಅದು ರಬ್ಬರಿಗೆ ಎಲ್ಲಿ ತಾಗುತ್ತದೆ, ಎಲ್ಲಿ ಬಿಡುತ್ತದೆ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಈಗ ಚಕ್ರಗಳಿಗೆ ಕಚ್ಚಿಸಿದ ಫಲಕಗಳನ್ನು ಕ್ಯಾಮೆರಾಗಳು ನೋಡುತ್ತವೆ, ಪರದೆಯ ಮೇಲೆ ಮಿತಿಯೊಳಗಿನ ಅಂಕಿ ಹಸಿರಾಗಿಯೂ ಮೀರಿದ್ದು ಕೆಂಪಾಗಿಯೂ ಮೂಡುತ್ತದೆ. ಈ ಕಾರಿನ ವಿಷಯದಲ್ಲಿ ಮುಂದಿನ ಟೋ ಎರಡೂ ಬದಿಯಲ್ಲಿ ಕೆಂಪು, ಕ್ಯಾಂಬರ್ ಕೂಡ ಕೆಂಪು, ಹಿಂದಿನ ಚಕ್ರಗಳೆರಡೂ ಒಂದೇ ಅಡ್ಡ ತೊಲೆಗೆ ಕೂಡಿಕೊಂಡಿದ್ದುದರಿಂದ ಅವು ಮಾತ್ರ ಹೆಚ್ಚು ಕದಲಿರಲಿಲ್ಲ. ಅಲೈನ್‌ಮೆಂಟ್ ಮಾಡುವ ಹುಡುಗನು ಟೈರುಗಳ ಗಾಳಿ ಸರಿಮಾಡಿ, ಬಾನೆಟ್ಟನ್ನು ಎರಡು ಸಲ ಅದುಮಿ ಬಿಟ್ಟು ಗಾಡಿ ತನ್ನ ಮಟ್ಟಕ್ಕೆ ಕೂರುವಂತೆ ಮಾಡಿ, ಸ್ಟೀರಿಂಗನ್ನು ನಡುವಿಗೆ ಕಟ್ಟಿಹಾಕಿ, ಕೆಳಗಿಳಿದು ಟೈ ರಾಡಿನ ಲಾಕ್ ನಟ್ಟು ಸಡಿಲಿಸಿದನು. ಸಲಾಕೆಯನ್ನು ಅರ್ಧ ಸುತ್ತು ತಿರುಗಿಸುವುದರೊಳಗೆ ಕೆಂಪು ಹಸಿರಾಯಿತು. ಕ್ಯಾಂಬರ್ ಮಾತ್ರ ಕೆಂಪಾಗಿಯೇ ಉಳಿಯಿತು, ಏಕೆಂದರೆ ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ತಿರುಗಿಸಲು ಬರುವುದು ಟೋ ಒಂದೇ. ಕ್ಯಾಂಬರಿಗೆ ಸ್ಟ್ರಟ್ಟಿನ ಬುಡದಲ್ಲಿ ಓರೆ ಹೊಟ್ಟೆಯ ಬೇರೆ ಬೋಲ್ಟು ಹಾಕಬೇಕಾಗುತ್ತದೆ.

ಪರದೆಯ ಹಸಿರಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಆ ಮಿತಿಗಳು ತಯಾರಕರು ಬಿಟ್ಟ ಎತ್ತರಕ್ಕೆ ಬರೆದವು, ಮತ್ತು ಬಹುಪಾಲು ಕಾರುಗಳಲ್ಲಿ ಎತ್ತರವೆಷ್ಟೆಂದು ಯಂತ್ರವು ಕೇಳುವುದೇ ಇಲ್ಲ. ತಗ್ಗಿಸಿದ ಕಾರು ನಿಂತಲ್ಲಿ ಹಸಿರಾದರೂ ಗುಂಡಿಗೆ ಇಳಿದು ಏಳುವಾಗ ಅದರ ಟೋ ಮೊದಲಿಗಿಂತ ಹೆಚ್ಚು ಅಲುಗುತ್ತಿರುತ್ತದೆ, ಅದನ್ನು ಯಾವ ಲಾಕ್ ನಟ್ಟೂ ಹಿಡಿಯಲಾರದು. ಹೊಸ ಸ್ಪ್ರಿಂಗುಗಳು ಕೆಲವು ದಿನ ಓಡಿದ ಮೇಲೆ ಇನ್ನಷ್ಟು ಕುಸಿದು ಕೂರುವುದರಿಂದ, ಕೂರಿಸಿದ ದಿನವೊಮ್ಮೆ, ಕೆಲವು ನೂರು ಕಿಲೋಮೀಟರು ಕಳೆದ ಮೇಲೆ ಇನ್ನೊಮ್ಮೆ ಅಳೆಯಿಸುವುದು ಸರಿಯಾದ ಕ್ರಮ. ಲೋಯರ್ ಆರ್ಮಿನ ಬುಷ್ಷುಗಳ ಬೋಲ್ಟನ್ನು ಚಕ್ರಗಳು ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿಯದೆ ಕಾರು ತನ್ನ ಭಾರದಲ್ಲಿ ನಿಂತಾಗಲೇ ಬಿಗಿಯಬೇಕು, ಇಲ್ಲವಾದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಉಳಿದದ್ದು ಹಂಪುಗಳ ಕಥೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ನಿಯಮದಂತೆ ಹಂಪು 3.7 ಮೀಟರು ಅಗಲ, ನಡುವೆ 10 ಸೆಂಟಿಮೀಟರು ಎತ್ತರ ಇರಬೇಕಿತ್ತು. ಸ್ವಿಫ್ಟಿನ ಎರಡು ಅಚ್ಚುಗಳ ನಡುವಿನ ದೂರ 2.39 ಮೀಟರಾದ್ದರಿಂದ ಅಂಥ ಹಂಪಿನ ಮೇಲೆ ಕಾರು ಇಡಿಯಾಗಿ ಏರಿ ನಿಂತರೂ ಅದರ ಹೊಟ್ಟೆಯಡಿ ಹಂಪು ಉಬ್ಬುವುದು ಸುಮಾರು 42 ಮಿಲಿಮೀಟರು ಮಾತ್ರ. 135 ಮಿಲಿಮೀಟರಿನ ಕಾರಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಊರಿನವರು ಒಂದೇ ರಾತ್ರಿಯಲ್ಲಿ ಕಟ್ಟಿದ ಹಂಪು ನಿಯಮ ಓದಿ ಹುಟ್ಟಿದ್ದಲ್ಲ. ತುಮಕೂರಿನ ಕಡೆಯ ಒಂದು ಹಳ್ಳಿಯಲ್ಲಿ ಮನೆಯವರೆಲ್ಲ ಕಾರಿನಿಂದಿಳಿದು ನಡೆದು ದಾಟಿ, ಲೇಖಕನೊಬ್ಬನೇ ಖಾಲಿ ಕಾರನ್ನು ಓರೆಯಾಗಿ ಹಂಪು ಹತ್ತಿಸಿದ ದಿನ ಅವನ ತಾಯಿ ಏನೂ ಹೇಳಲಿಲ್ಲ. ಆ ಮೌನವೇ ಸಾಕಾಗಿತ್ತು.

ಕಾನೂನೂ ತಾಯಿಯ ಕಡೆಗೇ ಇತ್ತು: ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಹೇಳಿತು, ಅದೇ ವರ್ಷದ ತಿದ್ದುಪಡಿ ಕಾಯಿದೆಯು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸೆರೆಯನ್ನೋ ಎರಡನ್ನೂ ಸೇರಿಸಿಯೋ ವಿಧಿಸಲು ಅವಕಾಶವಿತ್ತಿತು. ಕೊನೆಗೆ ಅಟ್ಟದ ಮೇಲೆ ಹಳೆಯ ಗೋಣಿಯಲ್ಲಿ ಸುತ್ತಿಟ್ಟಿದ್ದ ಮೂಲ ಸ್ಪ್ರಿಂಗುಗಳು ಕೆಳಗಿಳಿದು ಬಂದು ತಮ್ಮ ಜಾಗದಲ್ಲಿ ಕೂತವು, ನಾಲ್ಕು ಬೆರಳಿನ ಸಂದು ಮರಳಿತು, ತಾಯಿ ಕೈ ಚಾಚದೆ ಎದ್ದು ಇಳಿದರು. ಕಾರಿನ ಎತ್ತರ ಮತ್ತೆ ಬದಲಾದುದರಿಂದ ಮರುದಿನ ಇನ್ನೊಮ್ಮೆ ಅಲೈನ್‌ಮೆಂಟ್ ಮಾಡಿಸಬೇಕಾಯಿತು.