ಕಳ್ಳಗಂಟೆಯೂ ಅತ್ತೆಯ ರಂಗೋಲಿಯೂ

ಸೋದರಿಯರೇ, ರಾತ್ರಿ ಚಿಲಕ ಹಾಕಿ ಮಲಗಿದ ಮೇಲೂ "ಹಾಕಿದೆನೋ ಇಲ್ಲವೋ" ಎಂದು ಎದ್ದು ಹೋಗಿ ನೋಡುವ ಅಭ್ಯಾಸ ನಿಮಗೂ ಉಂಟೇ? ನನಗಂತೂ ಕಳೆದ ವರ್ಷ ಅದು ಕಾಯಿಲೆಯ ಹಾಗೆ ಅಂಟಿಕೊಂಡಿತ್ತು.

ನಮ್ಮದು ಬೆಂಗಳೂರಿನ ಹಲಸೂರಿಗೆ ಸೇರಿದಂತಿರುವ ಜೋಗುಪಾಳ್ಯ. ಕಿರಿದಾದ ಓಣಿ, ಗೋಡೆಗೆ ಗೋಡೆ ಅಂಟಿದ ಮನೆಗಳು. ಒಂದು ತಾರಸಿಯಿಂದ ಇನ್ನೊಂದಕ್ಕೆ ಹಪ್ಪಳದ ತಟ್ಟೆ ದಾಟಿಸಬಹುದು. ಹಪ್ಪಳ ದಾಟುವ ಕಡೆ ಕಳ್ಳ ದಾಟಲಾರನೇ? ದೀಪಾವಳಿಗೆ ಊರಿಗೆ ಹೋಗಿದ್ದ ಎದುರು ಮನೆಯವರ ತಾರಸಿ ಬಾಗಿಲು ಮೀಟಿ, ಮಗಳ ಮದುವೆಗೆಂದು ಕೂಡಿಟ್ಟಿದ್ದ ಒಡವೆಯನ್ನೆಲ್ಲ ಹೊತ್ತೊಯ್ದರು. ಖಾಲಿ ಬೀರುವಿನ ಮುಂದೆ ಕೂತು ಆ ತಾಯಿ ಅತ್ತದ್ದು ಇನ್ನೂ ನನ್ನ ಕಣ್ಣಲ್ಲಿದೆ. ನಮ್ಮೆಜಮಾನರಿಗೆ ತಿಂಗಳಲ್ಲಿ ಹದಿನೈದು ದಿನ ರಾತ್ರಿ ಪಾಳಿ. ಮಗ ಹಾಸ್ಟೆಲಿನಲ್ಲಿ. ಮನೆಯಲ್ಲಿ ನಾನು, ಎಪ್ಪತ್ತೆಂಟು ವರ್ಷದ ಅತ್ತೆ, ಇಬ್ಬರೇ.

"ಒಂದು ಅಲಾರಾಂ ಹಾಕಿಸೋಣ" ಅಂದೆ. ಹಾಕಿಸುವ ಕೂಲಿ ಕೇಳಿ ಯಜಮಾನರು ಸುಮ್ಮನಾದರು. "ಹಾಗಾದರೆ ನಾನೇ ಹಾಕ್ತೀನಿ" ಅಂದಾಗ ನಕ್ಕರು. ಆ ನಗುವೇ ನನ್ನನ್ನು ಎಸ್.ಪಿ. ರಸ್ತೆಗೆ ಕಳಿಸಿತು ಅನ್ನಿ! ಒಂದು ಪೆಟ್ಟಿಗೆ, ಸೈರನ್, ಬಾಗಿಲಿಗೆ ಹಾಕುವ ಎರಡು ಜೊತೆ ಸ್ವಿಚ್ಚು, ವೈರು ತಂದೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಬ್ಯಾಟರಿ, ಬಲ್ಬಿನ ಪಾಠ ಮಾತ್ರ ಮರೆತಿರಲಿಲ್ಲ. ಇದೂ ಅಷ್ಟೇ ನೋಡಿ. ಬಾಗಿಲಿಗೆ ಒಂದು ಸಣ್ಣ ಅಯಸ್ಕಾಂತ, ಚೌಕಟ್ಟಿಗೆ ಒಂದು ಸ್ವಿಚ್ಚು. ಸ್ವಿಚ್ಚಿನೊಳಗಿನ ಗಾಜಿನ ನಳಿಗೆಯಲ್ಲಿ ಎರಡು ತೆಳ್ಳನೆಯ ಲೋಹದ ಪಟ್ಟಿಗಳು. ಬಾಗಿಲು ಮುಚ್ಚಿದ್ದಾಗ ಅಯಸ್ಕಾಂತದ ಸೆಳೆತಕ್ಕೆ ಅವೆರಡೂ ಕೂಡಿಕೊಂಡಿರುತ್ತವೆ, ವಿದ್ಯುತ್ತು ಹರಿಯುತ್ತಿರುತ್ತದೆ. ಬಾಗಿಲು ತೆರೆದರೆ ಬೇರೆಯಾಗುತ್ತವೆ, ಹರಿವು ನಿಲ್ಲುತ್ತದೆ, ಸೈರನ್ ಕೂಗುತ್ತದೆ. ಕಳ್ಳ ಈ ವೈರನ್ನು ಕತ್ತರಿಸಿದರೂ ಹರಿವು ನಿಂತಂತೆಯೇ, ಆಗಲೂ ಕೂಗುತ್ತದೆ. ಎಷ್ಟು ಜಾಣತನ!

ಮುಂಬಾಗಿಲು ಮರದ್ದು, ಸಲೀಸಾಯಿತು. ತಾರಸಿಯ ಕಬ್ಬಿಣದ ಬಾಗಿಲು ಮಾತ್ರ ಎರಡು ದಿನ ಸತಾಯಿಸಿತು. ಮುಚ್ಚಿದ್ದರೂ ಸೈರನ್ ಕೂಗುತ್ತಿತ್ತು. ಕಬ್ಬಿಣ ಅಯಸ್ಕಾಂತದ ಶಕ್ತಿಯನ್ನು ತಾನೇ ಎಳೆದುಕೊಳ್ಳುತ್ತದಂತೆ. ಅಡಿಗೆ ಒಂದು ಮರದ ಚೂರು ಕೊಟ್ಟು ಕೂರಿಸಿದೆ, ಸರಿಹೋಯಿತು. ಯಜಮಾನರು ಈ ಸಲ ನಗಲಿಲ್ಲ. ಸ್ಟೂಲು ಹಿಡಿದುಕೊಂಡರು.

ಹೆಂಗಸಿಗೇಕೆ ಈ ಉಸಾಬರಿ ಎನ್ನುವವರಿಗೆ ಒಂದು ಮಾತು. ನ್ಯೂಯಾರ್ಕಿನ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ನರ್ಸ್, ಮನೆಯಲ್ಲಿ ಒಂಟಿಯಾಗಿರುವಾಗಿನ ಭಯಕ್ಕೆ ಮದ್ದು ಹುಡುಕಲು ಹೊರಟು, ಬಾಗಿಲಾಚೆ ನಿಂತವರನ್ನು ಒಳಗಿನಿಂದಲೇ ಟಿ.ವಿ.ಯಲ್ಲಿ ನೋಡುವ ವ್ಯವಸ್ಥೆಯನ್ನು ಗಂಡನ ಜೊತೆ ಸೇರಿ ರೂಪಿಸಿದರು. 1966ರಲ್ಲಿ ಅರ್ಜಿ ಹಾಕಿ 1969ರಲ್ಲಿ ಪೇಟೆಂಟ್ ಪಡೆದರು. ಭಯಪಟ್ಟವರಿಗೇ ಬುದ್ಧಿ ಓಡುವುದು!

ಇಷ್ಟು ಹೇಳಿ ಬೀಗಬಹುದಿತ್ತು. ಆದರೆ ಮೂರನೆಯ ದಿನ ಬೆಳಗಿನ ಜಾವ ಐದು ಗಂಟೆಗೆ ಸೈರನ್ ಓಣಿಯನ್ನೇ ಎಬ್ಬಿಸಿತು. ನಾನು ಲಟ್ಟಣಿಗೆ ಹಿಡಿದು ಓಡಿದೆ. ಹೊಸ್ತಿಲಲ್ಲಿ ಅತ್ತೆ, ಕೈಯಲ್ಲಿ ರಂಗೋಲಿ ಬಟ್ಟಲು, ಗಡಗಡ ನಡುಗುತ್ತಿದ್ದರು. ಐವತ್ತು ವರ್ಷದಿಂದ ಆ ಬಾಗಿಲನ್ನು ಮೊದಲು ತೆರೆಯುವವರು ಅವರೇ. ನನಗೆ ಅದು ಹೊಳೆದೇ ಇರಲಿಲ್ಲ.

ಅಂದಿನಿಂದ ಅತ್ತೆ ಬಾಗಿಲ ಬಳಿ ಸುಳಿಯಲಿಲ್ಲ. ನಾನು ಏಳುವವರೆಗೂ ಹಾಸಿಗೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಒಂದು ದಿನ ಮೆಲ್ಲಗೆ, "ಕಳ್ಳ ಬರದ ಹಾಗೆ ಮಾಡ್ದೆ ಕಣಮ್ಮ, ಒಳ್ಳೇದಾಯ್ತು. ನಾನೂ ಹೋಗದ ಹಾಗಾಯ್ತಲ್ಲ" ಅಂದರು. ಒಂದು ಕಾಲಕ್ಕೆ ಸೊಂಟದಲ್ಲಿ ಇಡೀ ಮನೆಯ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು ಓಡಾಡಿದ ಜೀವ ಅದು. ನನ್ನ ಕರುಳು ಚುರುಕ್ ಎಂದಿತು.

ಅಂದೇ ಪೆಟ್ಟಿಗೆಯನ್ನು ನನ್ನ ಕೋಣೆಯಿಂದ ಕಿತ್ತು, ಅತ್ತೆಯ ಮಂಚದ ಪಕ್ಕ, ಅವರ ಕೈಗೆಟುಕುವ ಎತ್ತರಕ್ಕೆ ಹಾಕಿದೆ. ಅವರ ಕಣ್ಣು ಮಂಜು. ಅದಕ್ಕೆ ಆರಿಸುವ ಗುಂಡಿಗೆ ಕೆಂಪು ನೇಲ್‌ಪಾಲಿಶಿನ ಬೊಟ್ಟಿಟ್ಟೆ. ಒಂದು ವಾರ ಇಬ್ಬರೂ ಅಭ್ಯಾಸ ಮಾಡಿದೆವು. ಈಗ ರಾತ್ರಿ ಹಾಕುವುದೂ ಬೆಳಗ್ಗೆ ತೆಗೆಯುವುದೂ ಅವರೇ. "ಕಳ್ಳಗಂಟೆ ಹಾಕಿದೆ, ಮಲಕ್ಕೋ" ಎಂದು ನನಗೇ ಹೇಳುತ್ತಾರೆ!

ನೀವೂ ಹಾಕುವುದಾದರೆ ಇಷ್ಟು ಗಮನಿಸಿ. ಬಾಗಿಲು ಮುಚ್ಚಿದಾಗ ಅಯಸ್ಕಾಂತಕ್ಕೂ ಸ್ವಿಚ್ಚಿಗೂ ನಡುವೆ ಅರ್ಧ ಬೆರಳಿಗಿಂತ ಹೆಚ್ಚು ಸಂದು ಬೇಡ. ಕರೆಂಟು ಹೋದರೂ ನಡೆಯುವಂತೆ ಬ್ಯಾಟರಿ ಇರುವುದನ್ನೇ ಕೊಳ್ಳಿ. ಗೋಡೆಯ ಪ್ಲಗ್ ಪಾಯಿಂಟಿನ ಕೆಲಸಕ್ಕೆ ಮಾತ್ರ ಎಲೆಕ್ಟ್ರಿಷಿಯನ್ನನ್ನೇ ಕರೆಯಿರಿ. ಸೈರನ್ ಕೈಗೆಟುಕದ ಎತ್ತರದಲ್ಲಿರಲಿ. ತಿಂಗಳಿಗೊಮ್ಮೆ ಅಕ್ಕಪಕ್ಕದವರಿಗೆ ಹೇಳಿ ಕೂಗಿಸಿ ನೋಡಿ. ಅದು ಕೂಗಿದಾಗ ಒಬ್ಬರೇ ಬಾಗಿಲು ತೆರೆದು ಹೊರಗೆ ಧಾವಿಸಬೇಡಿ, ನನ್ನ ಲಟ್ಟಣಿಗೆಯ ಸಾಹಸ ನಿಮಗೆ ಬೇಡ! 112ಕ್ಕೆ ಫೋನ್ ಮಾಡಿ. ಎಲ್ಲಕ್ಕಿಂತ ಮೊದಲು, ಮನೆಯಲ್ಲಿ ಬೆಳಗ್ಗೆ ಬಾಗಿಲು ತೆರೆಯುವವರು ಯಾರು ಅಂತ ಕೇಳಿಕೊಳ್ಳಿ.

ಕಳ್ಳ ಇನ್ನೂ ಬಂದಿಲ್ಲ, ಬಾರದಿರಲಿ. ನಮ್ಮ ಹೊಸ್ತಿಲಲ್ಲಿ ಐದು ಗಂಟೆಗೆ ಮತ್ತೆ ರಂಗೋಲಿ ಬೀಳುತ್ತಿದೆ.