ಅಯ್ಯನಕೆರೆಯ ಸಿಹಿನೀರು

ಕಡೂರಿನಿಂದ ಚಿಕ್ಕಮಗಳೂರಿಗೆ ಹೋಗುವ ಮಾರ್ಗದಲ್ಲಿ, ಸುಮಾರು ನಡುದಾರಿಯಲ್ಲಿ, ಸಖರಾಯಪಟ್ಟಣವೆಂಬ ಪ್ರಾಚೀನವಾದ ಊರು ಇರುವುದು. ಈಗ ಅದು ಸಾಧಾರಣವಾದ ಪೇಟೆಯಂತೆ ಕಂಡರೂ, ಪೂರ್ವದಲ್ಲಿ ರುಕ್ಮಾಂಗದರಾಯನೆಂಬ ಅರಸನ ರಾಜಧಾನಿಯಾಗಿತ್ತೆಂದು ಪ್ರತೀತಿಯುಂಟು. 2013ರಲ್ಲಿ ಈ ಮಾರ್ಗಕ್ಕೆ ರೈಲು ಬಂದಮೇಲೆ ಪ್ರಯಾಣವೂ ಸುಲಭವಾಗಿದೆ. ಮಳೆಗಾಲ ಮುಗಿಯುತ್ತ ಬಂದ ಸಮಯದಲ್ಲಿ ನಾವು ಮನೆಮಂದಿಯೊಡನೆ ಅಲ್ಲಿಗೆ ಹೋಗಿ, ಸಮೀಪದ ಅಯ್ಯನಕೆರೆಯನ್ನು ನೋಡಿ ಬಂದೆವು.

ಬಾಬಾಬುಡನ್‌ಗಿರಿಯ ಪೂರ್ವದ ತಪ್ಪಲಿನಲ್ಲಿ, ಗೌರಿಹಳ್ಳವೆಂಬ ತೊರೆಗೆ ಅಡ್ಡಲಾಗಿ ಏರಿಯನ್ನು ಹಾಕಿ ಈ ಕೆರೆಯನ್ನು ಕಟ್ಟಿರುವರು. ದೊಡ್ಡ ಮದಗದ ಕೆರೆಯೆಂಬುದು ಇದರ ಮತ್ತೊಂದು ಹೆಸರು. ಏರಿಯ ಮೇಲೆ ನಿಂತರೆ ಎದುರಿಗೆ ವಿಶಾಲವಾದ ಜಲರಾಶಿ. ಅದರಾಚೆ ಗೋಪುರದಂತೆ ಮೊನಚಾಗಿ ಎದ್ದಿರುವ ಶಕುನಗಿರಿ. ಬೆನ್ನ ಹಿಂದೆ ತೆಂಗು, ಅಡಿಕೆ, ಗದ್ದೆಗಳ ಹಸುರು. ಮೊದಲು ಕಟ್ಟಿಸಿದವನು ರುಕ್ಮಾಂಗದರಾಯನೆಂದೂ, ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಜೀರ್ಣೋದ್ಧಾರವಾಯಿತೆಂದೂ ಹೇಳುವರು. ಇಂದಿಗೂ 1,500 ಹೆಕ್ಟೇರಿಗೆ ಮಿಕ್ಕ ಭೂಮಿ ಈ ಕೆರೆಯ ಅಚ್ಚುಕಟ್ಟಿಗೆ ಸೇರಿದೆ.

ನಮ್ಮೊಡನಿದ್ದ ಎಂಟು ವರ್ಷದ ಹುಡುಗಿ ಹಿಂದಿನ ವರ್ಷ ಮಲ್ಪೆಯಲ್ಲಿ ಸಮುದ್ರವನ್ನು ಕಂಡವಳು. ಸೋಪಾನದಲ್ಲಿ ಇಳಿದು ಬೆರಳನ್ನು ನೀರಿನಲ್ಲದ್ದಿ ನಾಲಗೆಗೆ ಮುಟ್ಟಿಸಿ, "ಅಜ್ಜಾ, ಇದೂ ಸಮುದ್ರದ ಹಾಗೇ ಇದೆ. ಆದರೆ ಉಪ್ಪೇ ಇಲ್ಲವಲ್ಲ, ಯಾಕೆ?" ಎಂದಳು. ನಾವು ಉತ್ತರಕ್ಕಾಗಿ ತಡವರಿಸುತ್ತಿರುವಾಗ, ಏರಿಯ ಮೇಲೆ ದನ ಹೊಡೆದುಕೊಂಡು ಬರುತ್ತಿದ್ದ ವೃದ್ಧ ರೈತನೊಬ್ಬನು ನಿಂತು, "ಇದು ನಿಂತ ನೀರಲ್ಲ ಕಣವ್ವ. ಕೋಡಿ ಐತೆ, ತೂಬು ಐತೆ. ಬಂದಿದ್ದು ಹೋಗ್ತಾ ಇರ್ತದೆ" ಎಂದನು.

ಭೂಗೋಳಶಾಸ್ತ್ರವು ಹೇಳುವುದೂ ಇದನ್ನೇ. ಬೆಟ್ಟದಿಂದ ಇಳಿಯುವ ನೀರು ಎಷ್ಟು ಸಿಹಿಯಾಗಿ ತೋರಿದರೂ, ಕಲ್ಲು ಮಣ್ಣುಗಳಿಂದ ಕರಗಿದ ಲವಣದ ಅಂಶವು ಅದರಲ್ಲಿ ಸ್ವಲ್ಪವಾದರೂ ಇದ್ದೇ ಇರುವುದು. ಹೊರಗೆ ಹೋಗಲು ದಾರಿಯಿದ್ದರೆ ಲವಣವೂ ನೀರಿನೊಡನೆ ಹೊರಟುಹೋಗುವುದು. ದಾರಿಯಿಲ್ಲದಿದ್ದರೆ ಸೂರ್ಯನು ನೀರನ್ನು ಮಾತ್ರ ಒಯ್ದು ಉಪ್ಪನ್ನು ಬಿಟ್ಟುಹೋಗುವನು. ಹೀಗೆ ಸಹಸ್ರಾರು ವರ್ಷ ನಡೆದರೆ ಸರೋವರವೇ ಉಪ್ಪಾಗುವುದು. ಯೋರ್ದಾನ್ ನದಿಯ ನೀರನ್ನು ಕುಡಿದೂ ಒಂದು ಹನಿಯನ್ನೂ ಹೊರಗೆ ಬಿಡದ ಮೃತಸಮುದ್ರವು ಇದಕ್ಕೆ ಪ್ರಸಿದ್ಧವಾದ ದೃಷ್ಟಾಂತ.

ನಮ್ಮ ದೇಶದಲ್ಲಿಯೇ ನೋಡಬೇಕೆಂದರೆ ರಾಜಸ್ಥಾನದ ಸಾಂಭರ ಸರೋವರಕ್ಕೆ ಹೋಗಬೇಕು. ಭಾರತದ ಒಳನಾಡಿನ ಉಪ್ಪುನೀರಿನ ಸರೋವರಗಳಲ್ಲಿ ಅದೇ ಹಿರಿದು. ತುಂಬಿದಾಗ ಅದರ ವಿಸ್ತಾರ ಸುಮಾರು 190ರಿಂದ 230 ಚದರ ಕಿಲೋಮೀಟರು. ಮೇಂಢಾ, ರೂಪನಗಢ ಮೊದಲಾದ ತೊರೆಗಳು ಅದನ್ನು ಸೇರುತ್ತವೆ. ಹೊರಡುವ ಹೊಳೆ ಒಂದೂ ಇಲ್ಲ. ಆ ತೀರವು ಚೌಹಾಣ ಅರಸರ ರಾಜಧಾನಿಯಾಗಿತ್ತು. ಉಪ್ಪಿನ ಆದಾಯಕ್ಕಾಗಿ ಮೊಗಲರೂ ಅದರ ಮೇಲೆ ಕಣ್ಣಿಟ್ಟಿದ್ದರು. 1870ರ ವೇಳೆಗೆ ಬ್ರಿಟಿಷರು ಜಯಪುರ, ಜೋಧಪುರಗಳ ಅರಸರಿಂದ ಅದನ್ನು ಗುತ್ತಿಗೆಗೆ ಪಡೆದರು. ಶಾಕಂಭರೀ ದೇವಿಯು ಅಲ್ಲಿನ ಜನರಿಗೆ ಬೆಳ್ಳಿಯ ಬಯಲನ್ನೇ ದಯಪಾಲಿಸಿದಳಂತೆ. ಅದರಿಂದ ಕಲಹವೇ ಹುಟ್ಟೀತೆಂದು ಜನರು ಹೆದರಿ ಬೇಡಿಕೊಳ್ಳಲು, ಬೆಳ್ಳಿಯನ್ನು ಉಪ್ಪಾಗಿ ಮಾಡಿದಳಂತೆ.

ಅಯ್ಯನಕೆರೆಗೂ ಒಂದು ದೇವಿಯ ಕಥೆಯುಂಟು. ಒಮ್ಮೆ ಕೆರೆ ಒಡೆಯುವ ಹಾಗಾದಾಗ, ಕೆರೆಯ ದೇವತೆಯು ನೀರಗಂಟಿಗೆ ಕಾಣಿಸಿಕೊಂಡು, ತಾನು ಹೊರಟುಹೋಗುವೆನೆಂದಳಂತೆ. "ಅರಸನಿಗೆ ತಿಳಿಸಿ ಬರುವವರೆಗೆ ನಿಲ್ಲು, ತಾಯಿ" ಎಂದು ಅವನು ಮಾತು ಪಡೆದು ಓಡಿದನು. ಅರಸನು ಯೋಚಿಸಿ, ಆ ನೀರಗಂಟಿ ಹಿಂದಿರುಗದಂತೆ ಅಲ್ಲಿಯೇ ಅವನ ತಲೆಯನ್ನು ತೆಗೆಸಿದನು. ಕೊಟ್ಟ ಮಾತಿಗೆ ಕಟ್ಟುಬಿದ್ದು ದೇವಿಯು ಇಂದಿಗೂ ಕಾದಿರುವಳೆಂದು ಜನರು ಹೇಳುವರು. ನಂಬುವುದು ಬಿಡುವುದು ವಾಚಕರಿಗೆ ಸೇರಿದ್ದು. ಆದರೆ ದಂಡೆಯನ್ನು ಕಾಯುವ ಬಡವನ ಪ್ರಾಣದ ಮೇಲೆ ಊರಿನ ಅನ್ನ ನಿಂತಿರುವುದೆಂಬ ಮಾತು ಕಥೆಯಲ್ಲಿ ಅಡಗಿದೆ, ಅದನ್ನು ಮರೆಯಬಾರದು.

ನೀರನ್ನು ಹಿಡಿಯುವುದು ಒಂದು ಧರ್ಮ, ಬಿಡುವುದು ಮತ್ತೊಂದು. ಅಯ್ಯನಕೆರೆಯ ಕೋಡಿಯಿಂದ ಹೊರಟ ನೀರು ವೇದಾ ಎನಿಸಿಕೊಂಡು, ಇನ್ನೊಂದು ಮದಗದ ಕೆರೆಯಿಂದ ಬರುವ ಅವತಿಯನ್ನು ಕಡೂರಿನ ಸೀಮೆಯಲ್ಲಿ ಕೂಡಿ ವೇದಾವತಿಯಾಗುವುದು. ಹಿರಿಯೂರಿನ ಬಳಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರವನ್ನು ಈ ನದಿಯೇ ತುಂಬಬೇಕು. 1933ರಲ್ಲಿ ಕೋಡಿ ಹರಿದ ಆ ಜಲಾಶಯವು ಮರಳಿ ಕೋಡಿ ಹರಿದುದು 89 ವರ್ಷಗಳ ತರುವಾಯ, 2022ರಲ್ಲಿ. ಮುಂದೆ ಹಗರಿ ಎಂಬ ಹೆಸರಿನಿಂದ ಬಳ್ಳಾರಿಯ ಸೀಮೆಯನ್ನು ಹಾಯ್ದು, ತುಂಗಭದ್ರೆಯನ್ನೂ ಕೃಷ್ಣೆಯನ್ನೂ ಸೇರಿ, ನೀರು ತನ್ನ ಲವಣದೊಡನೆ ಪೂರ್ವಸಮುದ್ರವನ್ನು ಮುಟ್ಟುವುದು.

ಸಾಂಭರವು ದೂರವಿದೆಯೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ಒಣನಾಡಿನ ತಗ್ಗುಗಳಲ್ಲಿ ಬೇಸಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಪೊರೆಗಟ್ಟುವ ಚೌಳನ್ನು ಎಲ್ಲರೂ ಕಂಡಿರುವರು. ಹಿಂದಿನ ಕಾಲದಲ್ಲಿ ಉಪ್ಪಾರರು ಅಂತಹ ಮಣ್ಣನ್ನು ನೀರಿನಲ್ಲಿ ಸೋಸಿ ಉಪ್ಪು ತೆಗೆಯುತ್ತಿದ್ದರು. ಅಗಸರು ಬಟ್ಟೆಗೆ ಚೌಳುಮಣ್ಣನ್ನು ಬಳಸುತ್ತಿದ್ದರು. ತುಂಗಭದ್ರಾ ಮತ್ತು ಕೃಷ್ಣಾ ಕಾಲುವೆಗಳ ಕೆಳಗಿನ ಎಷ್ಟೋ ಎರೆಹೊಲಗಳು, ನೀರು ಮಿತಿಮೀರಿ ಬಂದು ಬಸಿದುಹೋಗಲು ದಾರಿಯಿಲ್ಲದೆ, ಚೌಳಾಗಿ ಹಾಳಾಗಿವೆ. ಸರೋವರಕ್ಕೆ ಆದುದೇ ಹೊಲಕ್ಕೂ ಆಗುವುದು. ಏರಿಯನ್ನು ಬಲಪಡಿಸುವಾಗ ನಮಗಿರುವ ಉತ್ಸಾಹವು ಕೋಡಿಹಳ್ಳದ ಹೂಳನ್ನು ತೆಗೆಯುವಾಗ, ಬಸಿಗಾಲುವೆಯನ್ನು ಒತ್ತುವರಿಯಿಂದ ಕಾಯುವಾಗ ಕಾಣುವುದಿಲ್ಲ. ಹರಿದುಹೋಗುವ ನೀರೆಲ್ಲ ನಷ್ಟವೆಂದು ಎಣಿಸುವವರು ಉಪ್ಪಿನ ಲೆಕ್ಕವನ್ನು ಮರೆತವರು.

ಹೊತ್ತು ಮುಳುಗುವಾಗ ನಾವು ಏರಿಯಿಂದಿಳಿದು ಕೋಡಿಯ ಬಳಿಗೆ ಬಂದೆವು. ನೀರು ಕಲ್ಲಿನ ಮೇಲೆ ತೆಳ್ಳಗೆ ಹರಿಯುತ್ತಿತ್ತು. ಹುಡುಗಿಯು ಅದರಲ್ಲೊಂದು ಎಲೆಯನ್ನು ಬಿಟ್ಟು, "ಇದು ಸಮುದ್ರಕ್ಕೆ ಹೋಗುತ್ತದೆಯೇ?" ಎಂದು ಕೇಳಿದಳು. ದಾರಿಯಲ್ಲಿ ಯಾರೂ ತಡೆಯದಿದ್ದರೆ ಹೋಗುವುದೆಂದು ಹೇಳಿದೆವು.