ಮೊದಲ ಕೂಗು

ಕಾಸರಗೋಡಿನ ಮನೆಜಗಲಿಗಳಲ್ಲಿ ಮಳೆಗಾಲದ ಸಂಜೆಗಳನ್ನು ಕಳೆದವರಿಗೆ 'ಇಪ್ಪತ್ತೆಂಟು' ಎಂಬ ಇಸ್ಪೀಟಾಟದ ಪರಿಚಯ ಬೇಕಿಲ್ಲ. ಉಳಿದವರಿಗಾಗಿ ಎರಡು ಮಾತು. ಆಡುವವರು ನಾಲ್ವರು, ಎದುರುಬದುರು ಕುಳಿತವರು ಜೊತೆಗಾರರು. ಎಲೆಗಳು 32. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ತಲಾ 1 ಅಂಕ. ಒಂದು ಜಾತಿಗೆ 7ರಂತೆ ಒಟ್ಟು 28. ರಾಜನಿಗೂ ರಾಣಿಗೂ ಇಲ್ಲಿ ಬೆಲೆಯಿಲ್ಲ.

ಮೊದಲು ನಾಲ್ಕೇ ಎಲೆ ಹಂಚುತ್ತಾರೆ. ಅಷ್ಟನ್ನೇ ನೋಡಿ, ಎಷ್ಟು ಅಂಕ ಗೆಲ್ಲುವೆವೆಂದು ಕೂಗಬೇಕು. ಹಂಚಿದವನ ಬಲಗಡೆ ಕುಳಿತವನದು ಮೊದಲ ಕೂಗು. ಅವನಿಗೆ ಸುಮ್ಮನಿರುವ ಹಕ್ಕಿಲ್ಲ. ಕಡಿಮೆಯೆಂದರೂ 14 ಕೂಗಲೇಬೇಕು. ಎಲ್ಲರಿಗಿಂತ ಹೆಚ್ಚು ಕೂಗಿದವನು ತುರುಫಿನ ಎಲೆಯನ್ನು ಕವುಚಿ ಇಟ್ಟ ಬಳಿಕವೇ ಉಳಿದ ನಾಲ್ಕು ಎಲೆಗಳು ಕೈಸೇರುತ್ತವೆ.

ಪದವಿಯ ಮೊದಲ ವರ್ಷದ ರಜೆಯಲ್ಲೊಂದು ಸಂಜೆ ಆ ಮೊದಲ ಸ್ಥಾನ ನನ್ನದಾಗಿತ್ತು. ಎದುರಿಗೆ ಜೊತೆಗಾರರಾಗಿ ಅಜ್ಜ. ಎಲೆ ಬಿಡಿಸಿ ನೋಡಿದರೆ ಆಟೀನಿನ ಗುಲಾಮ, ಒಂಬತ್ತು, ಎಕ್ಕ. ಜೊತೆಗೆ ಕಳಾವರಿನ ಗುಲಾಮ. ಒಂದೇ ಜಾತಿಯ ಗುಲಾಮನೂ ಒಂಬತ್ತೂ ಮೊದಲ ನಾಲ್ಕು ಎಲೆಗಳಲ್ಲಿ ಕೂಡಿ ಬರುವುದು ಸುಮಾರು 21 ಸಲಕ್ಕೊಮ್ಮೆ ಎಂದು ಆಮೇಲೆ ಲೆಕ್ಕ ಹಾಕಿದ್ದೇನೆ. ಆಗ ಲೆಕ್ಕಕ್ಕೆ ವ್ಯವಧಾನವೆಲ್ಲಿತ್ತು? "ಇಪ್ಪತ್ತೆರಡು!" ಎಂದು ಕೂಗಿಬಿಟ್ಟೆ. ಉಳಿದವರು ಮರುಮಾತಿಲ್ಲದೆ ಬಿಟ್ಟುಕೊಟ್ಟರು. ಅದನ್ನು ಅವರ ಸೋಲೆಂದು ನಾನು ಭಾವಿಸಿದೆ.

ಮತ್ತೆ ಬಂದ ನಾಲ್ಕು ಎಲೆಗಳೂ ಏಳು, ಎಂಟರ ಸಣ್ಣವು. ಆಟ ಮುಗಿದಾಗ ನಮಗೆ 19 ಅಂಕ, ಎದುರಾಳಿಗಳಿಗೆ 9. ಅವೇ ಎಲೆಗಳಿಗೆ 16 ಕೂಗಿದ್ದರೆ ನಿರಾಯಾಸದ ಗೆಲುವು. ನಮ್ಮನ್ನು ಸೋಲಿಸಿದ್ದು ಎಲೆಗಳಲ್ಲ, ನನ್ನ ಕೂಗು. ಅಜ್ಜ ಏನೂ ಹೇಳದೆ ಪಣದ ಹುಣಸೆಬೀಜಗಳನ್ನು ಎದುರಾಳಿಗಳತ್ತ ಸರಿಸಿದರು.

ಹುಣಸೆಬೀಜವೇ ಏಕೆಂದು ಅಂದು ರಾತ್ರಿ ಅಜ್ಜಿ ಹೇಳಿದರು. ಅಜ್ಜನ ಪ್ರಾಯಕಾಲದಲ್ಲಿ ಪಣ ಹಣದ್ದೇ ಆಗಿತ್ತಂತೆ. ಅಡಿಕೆ ಮಾರಿ ಬಂದ ಒಂದು ರಾತ್ರಿ ಇಂಥದೇ ಎಲೆಗಳು, ಇಂಥದೇ ಮೊದಲ ಸ್ಥಾನ. ಸೋತದ್ದನ್ನು ಮರಳಿ ಪಡೆಯಲು ಮತ್ತೆ ಕೂಗಿದರು, ಮತ್ತೆ ಸೋತರು. ಬೆಳಗಾಗುವಾಗ ಆ ವರ್ಷದ ಅಡಿಕೆಯ ಹಣ ಇರಲಿಲ್ಲ. ಸಾಲ ತೀರಿಸಲು ಅಜ್ಜಿಯ ಎರಡು ಬಳೆಗಳು ಹೋದವು. "ಕೆಟ್ಟ ಎಲೆ ಬಂದಿದ್ದರೆ ಅವರು ಆ ರಾತ್ರಿ ಬೇಗ ಮನೆಗೆ ಬರುತ್ತಿದ್ದರು" ಎಂದರು ಅಜ್ಜಿ. ದನಿಯಲ್ಲಿ ದೂರಿರಲಿಲ್ಲ, ಬರಿಗೈಯನ್ನು ಮಾತ್ರ ಒಮ್ಮೆ ಸವರಿಕೊಂಡರು.

ಮರುದಿನ ಅಜ್ಜನನ್ನು ಕೇಳಿದೆ, ಒಳ್ಳೆಯ ಎಲೆ ಬಂದರೂ ಕೂಗಬಾರದೇ ಎಂದು. "ಕೂಗಬೇಕು ಮಗಾ. ಆದರೆ ಮೊದಲು ಕೂಗುವವನಿಗೆ ತನ್ನ ನಾಲ್ಕು ಎಲೆ ಮಾತ್ರ ಗೊತ್ತು. ಕೊನೆಯವನಿಗೆ ಮೂವರ ಬಾಯಿಯೂ ಗೊತ್ತು" ಎಂದರು.

ವಿಭಾಗದ ವಿಚಾರಗೋಷ್ಠಿಯಲ್ಲಿ ಮೊದಲ ಪ್ರಬಂಧ ನನ್ನ ಪಾಲಿಗೆ ಬಂದಾಗ ಆ ಮಾತು ನೆನಪಾಯಿತು. ಇನ್ನೂ ಓದದ ಪುಸ್ತಕಗಳ ಬಲದ ಮೇಲೆ ಬರೆದಿದ್ದ ಎರಡು ವಾಕ್ಯಗಳನ್ನು ಹೊಡೆದುಹಾಕಿ, ಓದಿದ್ದನ್ನು ಅಳುಕಿಲ್ಲದೆ ಹೇಳಿದೆ.

ಆ ರಜೆಯ ಕೊನೆಯ ಸಂಜೆ ಮೊದಲ ಕೂಗು ಅಜ್ಜನದಾಗಿತ್ತು. ಎಲೆಗಳನ್ನು ಬಹಳ ಹೊತ್ತು ನೋಡಿ "ಹದಿನಾರು" ಎಂದರು. ಅವರ ಕೈಯಲ್ಲಿ ಎರಡು ಗುಲಾಮರೂ ಒಂದು ಒಂಬತ್ತೂ ಇದ್ದವೆಂದು ಆಟ ಮುಗಿದ ಮೇಲಷ್ಟೇ ನನಗೆ ತಿಳಿದದ್ದು. ಗೆದ್ದ ಬೀಜಗಳನ್ನು ಅವರು ಬಾಗಿಲಲ್ಲಿ ನಿಂತಿದ್ದ ಅಜ್ಜಿಯ ಕೈಗೆ ಸುರಿದರು. ಅಜ್ಜಿ ಒಂದೊಂದಾಗಿ ಎಣಿಸಿ ಡಬ್ಬಿಗೆ ಹಾಕಿಕೊಂಡರು.